ತಲೆ ಬಾಗದವನ ತಲೆಬಾಗಿಲು

ಈ ಹಳೇ ಊರಿಗೆ ಬಂದು ನೆಲೆಸಿದ ಮೊದಲ ದಿನವೇ ತಲೆಬಾಗಿಲಿಗೆ ಆ ಹೆಸರು ಯಾಕೆ ಬಂತೆಂದು ನನಗೆ ಖಚಿತವಾಯಿತು. ಪದಕೋಶದವರು ಏನೇ ಅರ್ಥ ಕೊಡಲಿ, ನನ್ನ ಹಣೆಯ ಮೇಲಿನ ಬೋರೆ ಬೇರೆಯೇ ಹೇಳುತ್ತಿತ್ತು. ಸಾಮಾನು ಇಳಿಸಲು ಬಂದವರು ಎಂಟು ಸಲ ಒಳಹೊರಗೆ ಓಡಾಡಿದರು, ಒಬ್ಬರಿಗೂ ಏನೂ ಆಗಲಿಲ್ಲ. ಮನೆಯ ಯಜಮಾನನೆಂಬ ಠೀವಿಯಲ್ಲಿ ಎದೆ ಸೆಟೆಸಿ ಹೊಸ್ತಿಲು ದಾಟಿದವನು ನಾನೊಬ್ಬನೇ.

ಮಹಾನಗರದ ಅಂಚಿನಲ್ಲಿ ಹಳೆಯದೊಂದು ಊರು, ಕಲ್ಲು ಹಾಸಿದ ಓಣಿ, ಕಂಬದ ಜಗಲಿ, ಮರದ ತೊಲೆ. ಭಾನುವಾರ ಸುತ್ತಾಡಲು ಬಂದಾಗ ಇವನ್ನೆಲ್ಲ ಕಂಡು ನಾವಿಬ್ಬರೂ ಕರಗಿಹೋಗಿದ್ದೆವು. ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಅದೇನೂ ಅಂಥಾ ಕಷ್ಟವಲ್ಲ. ಇನ್ಯಾರೋ ಇನ್ನೂರು ವರ್ಷದ ಹಿಂದೆ ಕಟ್ಟಿದ ಮನೆಯಲ್ಲಿ ಇದ್ದು ನೋಡಬೇಕು.

ಮಳೆ ಶುರುವಾದ ವಾರಕ್ಕೆ ಬಾಗಿಲು ಮುಚ್ಚುವುದನ್ನು ನಿಲ್ಲಿಸಿತು. ಮರ ತೇವ ಹೀರಿದರೆ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ಅಡ್ಡಡ್ಡ ಉಬ್ಬುತ್ತದೆ. (ನಲವತ್ತು ದಾಟಿದ ಮೇಲೆ ನನಗೂ ಇದೇ ಆಗಿರುವುದರಿಂದ ಕದದ ಮೇಲೆ ಸಿಟ್ಟು ಬರಲಿಲ್ಲ.) ಬಡಗಿಯನ್ನು ಕರೆಸಿ ಅಂಚಿಗೆ ಹತ್ತರಿ ಹೊಡೆಸಿದೆ. "ಬೇಸಿಗೆವರೆಗೆ ತಡೀರಿ" ಎಂದು ಅವನು ಹೇಳಿದ್ದ. ನಾನು ತಡೆಯಲಿಲ್ಲ. ಬೇಸಿಗೆ ಬಂತು, ಕದ ಒಣಗಿ ಕುಗ್ಗಿತು, ಹತ್ತರಿ ತಿಂದ ಭಾಗ ಮಾತ್ರ ಮರಳಲಿಲ್ಲ. ಈಗ ಬಾಗಿಲು ಹಾಕಿ ಅಗುಳಿ ಜಡಿದ ಮೇಲೂ ಬೀದಿಯ ಬೆಕ್ಕು ಸಂದಿಯಿಂದ ಮುಖ ತೂರಿಸಿ ಒಳಗೇನು ನಡೆದಿದೆಯೆಂದು ವಿಚಾರಿಸಿಕೊಂಡು ಹೋಗುತ್ತದೆ.

ಗೋಡೆಯ ಕಥೆ ಇನ್ನೂ ಅವಮಾನಕರ. ನಡುಮನೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ತೇವ ಕಂಡಿತು. ಸಿಮೆಂಟು ಮೆತ್ತಿಬಿಟ್ಟರೆ ಪೀಡೆ ತೊಲಗುತ್ತದೆಂದು ನಾನೇ ತೀರ್ಮಾನಿಸಿದೆ. ಎದುರುಮನೆಯ ಅಜ್ಜ ಜಗಲಿಯ ಮೇಲಿಂದಲೇ "ಬೇಡಪ್ಪಾ, ಅದು ಗಾರೆ ಗೋಡೆ, ಉಸಿರಾಡುತ್ತೆ" ಅಂದರು. ವಯಸ್ಸಾದವರು ಏನೋ ಅನ್ನುತ್ತಾರೆ ಎಂದುಕೊಂಡೆ. ಅಜ್ಜ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಸುಣ್ಣದ ಗಾರೆ ನೆಲದ ತೇವವನ್ನು ಹೀರಿಕೊಂಡು ಮೆಲ್ಲಗೆ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚಿಬಿಡುತ್ತದೆ. ದಾರಿ ಕಾಣದ ನೀರು ಮೇಲಕ್ಕೆ ಹತ್ತುತ್ತದೆ. ಮೊಣಕಾಲಲ್ಲಿದ್ದ ತೇವ ಮುಂದಿನ ಮಳೆಗಾಲಕ್ಕೆ ನನ್ನ ಸೊಂಟಕ್ಕೆ ಬಂದಿತ್ತು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಎಂಬಾತ ಪೇಟೆಂಟ್ ಪಡೆದದ್ದು 1824ರಲ್ಲಿ. ಊರವರ ಲೆಕ್ಕದಲ್ಲಿ ನಮ್ಮ ಗೋಡೆ ಅದಕ್ಕಿಂತ ದೊಡ್ಡದು. ನಿನ್ನೆ ಮೊನ್ನೆ ಹುಟ್ಟಿದವನನ್ನು ತಂದು ತನ್ನ ಮೈಗೆ ಮೆತ್ತಿದ್ದಕ್ಕೆ ಅದು ಮುನಿಸಿಕೊಂಡಿತ್ತು ಅಷ್ಟೆ. ಕೊನೆಗೆ ಮೇಸ್ತ್ರಿ ಬಂದು ಸಿಮೆಂಟನ್ನು ಉಳಿಯಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸಿದ. ಎಬ್ಬಿಸುವ ಕೂಲಿ ಮೆತ್ತುವ ಕೂಲಿಗಿಂತ ಜಾಸ್ತಿ. ಅಜ್ಜ ಅಷ್ಟೂ ದಿನ ಜಗಲಿಯಲ್ಲೇ ಕೂತಿದ್ದರು. ಒಂದು ಮಾತಾಡಲಿಲ್ಲ, ಕೆಮ್ಮಿದರು ಅಷ್ಟೆ.

ಆ ಗೋಡೆ ಎರಡು ಅಡಿ ದಪ್ಪ. ಹಗಲೆಲ್ಲ ತಂಪು ನಿಜ, ಆದರೆ ವೈಫೈಯೂ ಅದನ್ನು ದಾಟುವುದಿಲ್ಲ. 5 ಗಿಗಾಹರ್ಟ್ಸ್‌ನ ಅಲೆ ಗೋಡೆ ಕಂಡೊಡನೆ ಶರಣಾಗುತ್ತದೆ. 2.4ರದ್ದು ಏದುಸಿರು ಬಿಡುತ್ತಾ ಕಿಟಕಿಯವರೆಗೆ ಬರುತ್ತದೆ. ಹಾಗಾಗಿ ಆಫೀಸಿನ ಮೀಟಿಂಗುಗಳನ್ನೆಲ್ಲ ನಾನು ಬೀದಿಗೆ ಬೆನ್ನು ಹಾಕಿ ಕಿಟಕಿಯ ಕಟ್ಟೆ ಮೇಲೆ ಕೂತೇ ಮಾಡುವುದು. ಒಂದು ಶುಕ್ರವಾರ ಗಂಭೀರವಾಗಿ ಲೆಕ್ಕ ಒಪ್ಪಿಸುತ್ತಿದ್ದಾಗ ಮೇಲಧಿಕಾರಿ "ನಿಮ್ಮ ಹಿಂದೆ ಅದ್ಯಾರ್ರೀ?" ಅಂದರು. ತಿರುಗಿ ನೋಡಿದರೆ ಸರಳುಗಳಾಚೆ ಆರು ಮುಖ, ಮೂರು ಕ್ಯಾಮೆರಾ. ಅವರಲ್ಲೊಬ್ಬಾಕೆ, "ಒಳಗೆ ಜನಾನೂ ಇದಾರೆ!" ಎಂದು ಮಿಕ್ಕವರನ್ನು ಕೂಗಿ ಕರೆಯುತ್ತಿದ್ದಳು. ನಾನು ಅಂಗಿಯ ಕೆಳಗೆ ಏನುಟ್ಟಿದ್ದೆ ಎಂಬ ವಿಷಯ ಮೇಲಧಿಕಾರಿಗಳಿಗೆ ಗೊತ್ತಾಗಲಿಲ್ಲ. ಪ್ರವಾಸಿಗರಿಗೆ ಗೊತ್ತಾಯಿತು.

ಇಷ್ಟೆಲ್ಲ ಆದ ಮೇಲೆ ಸೋಫಾ ಬಂತು.

ಜಗಲಿ ದಾಟಿದರೆ ಮೂರಡಿ ಅಗಲದ ನಡವೆ, ಅದು ಒಮ್ಮೆಲೇ ಬಲಕ್ಕೆ ತಿರುಗಿ ನಡುಮನೆಗೆ ಸೇರುತ್ತದೆ. ಸೋಫಾ ಏಳಡಿ ಉದ್ದ, ಎರಡೂಮುಕ್ಕಾಲು ಅಡಿ ಅಗಲ. "ಅಳತೆ ನೋಡಿದೀರಾ?" ಎಂದಳು ನನ್ನಾಕೆ. ನೋಡಿದ್ದೆ. ಅಗಲ ಮಾತ್ರ ನೋಡಿದ್ದೆ. ನಾಲ್ವರು ಹೊತ್ತು ತಿರುವಿನವರೆಗೆ ತಂದರು. ಅಲ್ಲಿ ಅದು ಸಿಕ್ಕಿಬಿತ್ತು. ನಿಲ್ಲಿಸಿದರೆ ತೊಲೆ ಅಡ್ಡ, ಓರೆ ಮಾಡಿದರೆ ಗೋಡೆ ಅಡ್ಡ. ಹಿಂದಕ್ಕೆ ಎಳೆಯೋಣವೆಂದರೆ ನಾಲ್ವರಲ್ಲಿ ಒಬ್ಬ ಆಚೆ ಬದಿಯಲ್ಲಿ ಉಳಿದುಬಿಟ್ಟಿದ್ದ. ಅವನಿಗೆ ನೀರಿನ ಲೋಟವನ್ನು ಸೋಫಾದ ಮೇಲಿಂದಲೇ ದಾಟಿಸಿದೆವು.

ರಾತ್ರಿ ನಿದ್ದೆ ಬಾರದೆ ಹುಡುಕಿದಾಗ ನನ್ನ ಸಂಕಟಕ್ಕೆ ಗಣಿತದಲ್ಲಿ ಹೆಸರೇ ಇದೆಯೆಂದು ತಿಳಿಯಿತು: ಸೋಫಾ ಸಾಗಿಸುವ ಸಮಸ್ಯೆ. ಒಂದು ಮಾನ (ಅಡಿಯೋ ಮೀಟರೋ, ಯಾವುದಾದರೂ ಸರಿ) ಅಗಲದ ನಡವೆಯ ಲಂಬಕೋನದ ತಿರುವಿನಲ್ಲಿ ನೆಲದ ಮೇಲೇ ಜಾರಿಸಿಕೊಂಡು ಹೋಗಬಹುದಾದ ಅತಿ ದೊಡ್ಡ ಆಕಾರ ಯಾವುದು? ಲಿಯೋ ಮೋಸರ್ 1966ರಲ್ಲಿ ಕೇಳಿದ ಪ್ರಶ್ನೆ. 1992ರಲ್ಲಿ ಜೋಸೆಫ್ ಗರ್ವರ್ ಹಳೇ ಟೆಲಿಫೋನ್ ರಿಸೀವರಿನಂಥ ಒಂದು ಆಕಾರ ಕೊಟ್ಟ, ವಿಸ್ತೀರ್ಣ ಸುಮಾರು 2.2195 ಚದರ ಮಾನ. ಅದಕ್ಕಿಂತ ದೊಡ್ಡದು ಸಾಧ್ಯವೇ ಇಲ್ಲವೆಂದು ವಾದಿಸುವ ಪ್ರಬಂಧ ಬಂದದ್ದು 2024ರಲ್ಲಿ. ಅಂದರೆ ದೊಡ್ಡ ದೊಡ್ಡ ತಲೆಗಳು ಐವತ್ತೆಂಟು ವರ್ಷ ತಲೆ ಕೆಡಿಸಿಕೊಂಡದ್ದನ್ನು ನಾನು ನಾಲ್ಕು ಜನರ ಕೈಲಿ ಅರ್ಧ ಗಂಟೆಯಲ್ಲಿ ಮುಗಿಸಲು ಹೊರಟಿದ್ದೆ.

ಎದ್ದು ಲೆಕ್ಕ ಹಾಕಿದೆ. ಮೂರಡಿ ನಡವೆಗೆ ಗರ್ವರನ ಸೋಫಾ ಮೂರು ಮೂರಲ ಒಂಬತ್ತು ಪಟ್ಟು, ಹತ್ತಿರ ಹತ್ತಿರ 20 ಚದರಡಿ. ನಮ್ಮದು 19.25. ನನ್ನಾಕೆಯನ್ನು ಎಬ್ಬಿಸಿ, "ನೋಡು, ವಿಸ್ತೀರ್ಣ ಕಡಿಮೇನೇ ಇದೆ, ನನ್ನದೇನೂ ತಪ್ಪಿಲ್ಲ, ಆಕಾರ ಒಂದು ರಿಸೀವರ್ ಥರ ಇದ್ದಿದ್ರೆ..." ಅಂದೆ. "ರೀ, ದೀಪ ಆರಿಸ್ತೀರಾ?" ಅಂದಳು.

ಬೆಳಿಗ್ಗೆ ಅದರ ಕಾಲು ಬಿಚ್ಚಿ, ಹೇಗೋ ಹಿಂದಕ್ಕೆ ಜಗ್ಗಿ ಜಗಲಿಯ ಮೇಲಿಟ್ಟೆವು. ಅಲ್ಲೇ ಇದೆ. ಬಿಸಿಲಿಗೆ ಬಣ್ಣ ಮಾಸಿತು, ಬೆಕ್ಕು ಒಂದು ತುದಿಯನ್ನು ಪರಚಿ ನಾರು ಎಬ್ಬಿಸಿತು. ಸಂಜೆ ಹೊತ್ತು ನಾನು ಅದರ ಮೇಲೆ ಕೂತು ಓಣಿ ನೋಡುತ್ತೇನೆ. ಎದುರುಮನೆಯ ಅಜ್ಜ ಅಲ್ಲಿಂದ ಕೆಮ್ಮುತ್ತಾರೆ.

ಕಳೆದ ವಾರ ಹಾಗೇ ಕೂತಿದ್ದಾಗ ಪ್ರವಾಸಿಗರ ಗುಂಪೊಂದು ಬಂದು ನಿಂತಿತು. ಗೈಡು ಹೊಸ ಹುಡುಗ. ಕಂಬ ತೋರಿಸಿದ, ತೊಲೆ ತೋರಿಸಿದ, ಸೋಫಾದ ಹತ್ತಿರ ಬಂದು ದನಿ ತಗ್ಗಿಸಿ "ಇದು ಈ ಮನೆತನದವರು ತಲೆಮಾರಿನಿಂದ ಕಾಪಾಡ್ಕೊಂಡು ಬಂದಿರೋದು" ಅಂದ. ಆಮೇಲೆ ನನ್ನ ಕಡೆ ತಿರುಗಿ, ಬಲು ವಿನಯದಿಂದ, "ಸಾರ್, ದಯವಿಟ್ಟು ಅದರ ಮೇಲೆ ಕೂತ್ಕೋಬೇಡಿ. ಹಳೇ ವಸ್ತು."

ಎದ್ದು ನಿಂತೆ. ಇನ್ನೂ ಏಳು ಕಂತು ಬಾಕಿ ಇದೆ.