ರೀಲ್ ಆಮೇಲೆ ನೋಡೋಣ, ಮೊದಲು ಏನು ಎಸೆಯುತ್ತೀರಿ ಹೇಳಿ

ಊರಿನ ಗೆಳೆಯರು ಫೋನ್ ಮಾಡಿದಾಗಲೆಲ್ಲ ಇದೇ ಪ್ರಶ್ನೆ. "ಟ್ಯೂನಾ, ಅಂಜಲ್ ಹಿಡಿಯೋಕೆ ಲೂರ್ ಎಸೀಬೇಕು, ಯಾವ ರೀಲ್ ತಗೊಳ್ಳಲಿ?" (ಲೂರ್ ಅಂದರೆ ಗಾಳಕ್ಕೆ ಕಟ್ಟುವ ನಕಲಿ ಮೀನು, ರೀಲ್ ಅಂದರೆ ರಾಡಿಗೆ ಕೂರಿಸಿದ ದಾರ ಸುತ್ತುವ ಯಂತ್ರ.) ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ದೊಡ್ಡದೇ ಹೇಳಿ ಮಾರಾಯ್ರೆ, ನಾಳೆ ದೊಡ್ಡ ಮೀನು ಬಿದ್ದರೂ ತಡೀಬೇಕು." ನಾನಿರುವ ಕಡೆ ದೋಣಿಗೆ ಜೊತೆಯಾಗಿ ಬರುವವರನ್ನು ಇದನ್ನೇ ಕೇಳಿದರೆ ಅವರು ರೀಲಿನ ಹೆಸರನ್ನೇ ಎತ್ತುವುದಿಲ್ಲ. ಎಷ್ಟು ಗ್ರಾಂ ಎಸೆಯುತ್ತೀಯ, ಎಲ್ಲಿ ನಿಂತು ಎಸೆಯುತ್ತೀಯ ಅಂತ ತಿರುಗಿ ಕೇಳುತ್ತಾರೆ. ಎರಡೂ ರೀತಿ ನೋಡಿದ ಮೇಲೆ ನನಗನಿಸಿದ್ದನ್ನು ನೇರವಾಗಿ ಹೇಳುತ್ತೇನೆ: ಈ ವಿಷಯದಲ್ಲಿ ಇವರದ್ದೇ ಸರಿ. ಲೂರ್‌ನಿಂದ ಶುರು ಮಾಡಬೇಕು. ಅದಕ್ಕೆ ತಕ್ಕ ರಾಡ್, ಆಮೇಲೆ ದಾರ, ರೀಲ್ ಕೊನೆಗೆ.

ಯಾಕೆ ಅಂದರೆ, ಮೇಲ್‌ನೀರಿನಲ್ಲಿ ಓಡಾಡುವ ಮೀನುಗಳ ಬೇಟೆಯೇ ಬೇರೆ ತರಹ. ಕಲ್ಲಿನ ಬುಡದ ಮೀನಾದರೆ ಭಾರ ಕಟ್ಟಿ ಕೆಳಗೆ ಬಿಟ್ಟರಾಯಿತು. ಇಲ್ಲಿ ಹಾಗಲ್ಲ. ಟ್ಯೂನಾ ಹಿಂಡು ಪುಟ್ಟ ಮೀನುಗಳನ್ನು ಮೇಲಕ್ಕೆ ಅಟ್ಟಿಕೊಂಡು ಬಂದಾಗ ನೀರು ಕುದಿದ ಹಾಗೆ ಕಾಣುತ್ತದೆ, ಮೇಲಿಂದ ಹಕ್ಕಿಗಳು ಎರಗುತ್ತಿರುತ್ತವೆ, ದೋಣಿಯನ್ನು ಹತ್ತಿರ ಒಯ್ದಿರೋ ಇಡೀ ಹಿಂಡು ಕೆಳಗಿಳಿದು ಇನ್ನೆಲ್ಲೋ ಏಳುತ್ತದೆ. ಹಾಗಾಗಿ ದೂರದಿಂದಲೇ ಎಸೆಯಬೇಕು. ಜೊತೆಗೆ ಇನ್ನೊಂದು ತೊಡಕಿದೆ. ಅವು ತಿನ್ನುತ್ತಿರುವುದು ಎಷ್ಟೋ ಸಲ ಬೆರಳುದ್ದದ ಮೀನು, ಅದಕ್ಕಿಂತ ದೊಡ್ಡ ಲೂರ್ ಬಂದರೆ ಕಣ್ಣೆತ್ತಿಯೂ ನೋಡುವುದಿಲ್ಲ. ಅಂದರೆ 10 ಕಿಲೋ ತೂಗುವ ಮೀನಿಗೆ 30 ಗ್ರಾಂ ಲೂರನ್ನು ದೂರ ಎಸೆಯಬೇಕು. ಕಷ್ಟವೆಲ್ಲ ಇರುವುದು ಇಲ್ಲೇ. ಮೀನಿನ ಬಲಕ್ಕೆ ಹೆದರಿ 100 ಗ್ರಾಂ ಎಸೆಯುವ ದಪ್ಪ ರಾಡ್ ತಂದರೆ 30 ಗ್ರಾಂಗೆ ಅದು ಬಾಗುವುದೇ ಇಲ್ಲ. ರಾಡ್ ಬಾಗಿ ಚಿಮ್ಮಿದರೆ ತಾನೇ ಲೂರ್ ಹಾರುವುದು? ಬಾಗದಿದ್ದರೆ ಅರ್ಧ ದಾರಿಗೆ ಬೀಳುತ್ತದೆ. ಮೀನನ್ನೇ ಮುಟ್ಟದ ಮೇಲೆ ಅದನ್ನು ತಡೆಯುವ ಮಾತೇ ಬರುವುದಿಲ್ಲ, ಅಲ್ವಾ?

ರಾಡ್ ಮೇಲೆ ಬರೆದಿರುವ ಎಸೆತದ ತೂಕ ನೋಡಿ. 20ರಿಂದ 60 ಗ್ರಾಂ ಅಂತ ಇದ್ದರೆ ಅದು ಚೆನ್ನಾಗಿ ಕೆಲಸ ಮಾಡುವುದು 40-45ರ ಆಸುಪಾಸಿನಲ್ಲಿ. ಎರಡೂ ತುದಿಯ ಅಂಕಿಗಳನ್ನು ನಂಬಿ ಕೂರಬೇಡಿ. ನೀವು ಹೆಚ್ಚಾಗಿ ಎಸೆಯುವ ಲೂರ್ ಆ ಅಂಕಿಗಳ ನಡುವೆ, ಸ್ವಲ್ಪ ಮೇಲಕ್ಕೆ ಬರುವಂತಿರಲಿ. ಉದ್ದದ ವಿಷಯದಲ್ಲಿ ನಮ್ಮವರು ಉದ್ದ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಬಂಡೆ ಮೇಲೆ ನಿಂತು ಎಸೆಯುವವರಿಗೆ ಅದು ನಿಜ, 9ರಿಂದ 10 ಅಡಿ ಬೇಕು, ಅಲೆಯ ಆಚೆಗೆ ಬೀಳಬೇಕಲ್ಲ. ದೋಣಿಯಲ್ಲಿ ಮಾತ್ರ ಏಳೂವರೆಯಿಂದ 8 ಅಡಿಯಲ್ಲೇ ನಿಲ್ಲಿಸಿ. ಟ್ಯೂನಾ ಕೊನೆಗೆ ದೋಣಿಯ ಕೆಳಗೆ ನೇರವಾಗಿ ಇಳಿದು ಸುತ್ತು ಹೊಡೆಯುತ್ತದೆ. ಆಗ ರಾಡ್ ಉದ್ದವಿದ್ದಷ್ಟೂ ನಿಮ್ಮ ಸೊಂಟದ ಮೇಲೆ ಮೀನಿನ ಹಿಡಿತ ಜಾಸ್ತಿ. ಆ ಹೊತ್ತಿನಲ್ಲಿ ರಾಡನ್ನು ನೆಟ್ಟಗೆ ಮೇಲೆತ್ತಿ ಹಿಡಿಯುವ ಅಭ್ಯಾಸವೂ ಕೆಟ್ಟದ್ದು. ಭಾರವೆಲ್ಲ ತೆಳ್ಳಗಿನ ತುದಿಗೆ ಬಿದ್ದು, ಒಳ್ಳೆ ಕಾರ್ಬನ್ ರಾಡ್ ಕೂಡ ಪಟ್ ಅಂತ ಮುರಿಯುತ್ತದೆ.

ಇನ್ನು ದಾರ. ಬ್ರೇಡ್, ಅಂದರೆ ಹೆಣೆದ ದಾರದ ಮೇಲೆ ಪಿಇ 2, ಪಿಇ 3 ಅಂತ ಇರುವ ಅಂಕಿ ಜಪಾನಿನ ಲೆಕ್ಕ. ಅದು ದಾರದ ದಪ್ಪವನ್ನು ಹೇಳುತ್ತದೆ, ಬಲವನ್ನಲ್ಲ. ಪಿಇ 1 ಅಂದರೆ ಸುಮಾರು 0.165 ಮಿಲಿಮೀಟರ್, ಪಿಇ 3 ಅಂದರೆ ಸುಮಾರು 0.285. ಪೌಂಡ್ ಅಂಕಿಗಿಂತ ಇದನ್ನು ನೋಡಿ ಕೊಳ್ಳುವುದು ಮೇಲು. ಗಾಳಿಯಲ್ಲಿ ಲೂರನ್ನು ಹಿಂದಕ್ಕೆ ಜಗ್ಗುವುದು, ಸ್ಪೂಲ್‌ನಲ್ಲಿ (ರೀಲಿನ ದಾರ ಸುತ್ತುವ ಉರುಳೆಯಲ್ಲಿ) ಜಾಗ ತಿನ್ನುವುದು ಎಲ್ಲಾ ದಪ್ಪವೇ. 30-40 ಗ್ರಾಂ ಲೂರ್‌ಗೆ ಪಿಇ 5 ಸುತ್ತಿಕೊಂಡವರ ಎಸೆತ ನೋಡಿದರೆ ಸಾಕು, ಹೆಚ್ಚು ವಿವರಿಸಬೇಕಿಲ್ಲ.

ಈಗ ರೀಲ್. ಊರಿನ ಗೆಳೆಯರು ಮೊದಲು ನೋಡುವುದು ಪೆಟ್ಟಿಗೆ ಮೇಲಿನ ಡ್ರ್ಯಾಗ್ ಅಂಕಿ, ಅಂದರೆ ಮೀನು ಎಷ್ಟು ಜೋರಾಗಿ ಎಳೆದರೆ ರೀಲ್ ದಾರ ಬಿಟ್ಟುಕೊಡುತ್ತದೆ ಅನ್ನುವ ಬಿಗಿ. 20 ಕಿಲೋ, 25 ಕಿಲೋ ಅಂತ ಇರುತ್ತದೆ. ಸುಮ್ನೆ ಒಂದು ಲೆಕ್ಕ ಹಾಕೋಣ. 40 ಪೌಂಡ್ ದಾರ ಅಂದರೆ ಸುಮಾರು 18 ಕಿಲೋಗೆ ಕಡಿಯುತ್ತದೆ. ಡ್ರ್ಯಾಗನ್ನು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡುವುದು ರೂಢಿ. ಅಂದರೆ ನಾಲ್ಕೂವರೆಯಿಂದ 6 ಕಿಲೋ. ಉಳಿದದ್ದು ನಿಮಗೆ ಉಪಯೋಗಕ್ಕೇ ಬರುವುದಿಲ್ಲ. ಅಲುಗಾಡುವ ದೋಣಿಯಲ್ಲಿ ನಿಂತು 10 ಕಿಲೋ ಎಳೆತವನ್ನು ತಡೆದುಕೊಳ್ಳುವುದೇ ದೊಡ್ಡ ಮಾತು, 25 ಕಿಲೋ ಯಾರಿಗೆ ಬೇಕು? ನೋಡಬೇಕಾದದ್ದು ಡ್ರ್ಯಾಗ್ ಎಷ್ಟು ಮೆತ್ತಗೆ ಶುರುವಾಗುತ್ತದೆ ಅನ್ನುವುದನ್ನು. ಅಂಗಡಿಯಲ್ಲೇ 4-5 ಕಿಲೋಗೆ ಬಿಗಿ ಮಾಡಿ, ದಾರ ಹಿಡಿದು ನಿಧಾನವಾಗಿ ಎಳೆದು ನೋಡಿ. ಮೊದಲು ಕಚ್ಚಿಕೊಂಡು ನಿಂತು ಆಮೇಲೆ ಜರ್ ಅಂತ ಬಿಟ್ಟರೆ ಆ ರೀಲ್ ಬೇಡ. ಟ್ಯೂನಾ ಮೊದಲ ಸಲ ಓಡುವಾಗ ದಾರ ಕಡಿಯುವುದು ಆ ಕಚ್ಚಿಕೊಂಡ ಗಳಿಗೆಯಲ್ಲೇ.

ಇಲ್ಲಿ ನಮ್ಮ ಕರಾವಳಿಯ ಕೈಗಾಳದವರ ಪರವಾಗಿ ಒಂದು ಮಾತು ಹೇಳಲೇಬೇಕು. ಬೆರಳ ಸಂದಿಯಲ್ಲಿ ದಾರ ಬಿಟ್ಟು, ಹಿಡಿದು, ಮತ್ತೆ ಬಿಟ್ಟು ಮೀನನ್ನು ದಣಿಸಿದವರಿಗೆ ಡ್ರ್ಯಾಗ್ ಅಂದರೇನು ಅಂತ ಯಾರೂ ಕಲಿಸಬೇಕಿಲ್ಲ. ಇಲ್ಲಿ ನನ್ನ ಜೊತೆ ಬರುವ ಹುಡುಗರು ತಕ್ಕಡಿ ಕಟ್ಟಿ ಡ್ರ್ಯಾಗ್ ಅಳೆಯುತ್ತಾರೆ, ಒಳ್ಳೆಯದೇ, ಆದರೆ ಮೀನು ಓಡುತ್ತಿರುವಾಗ ಗಾಬರಿಯಲ್ಲಿ ಇನ್ನೂ ಬಿಗಿ ಮಾಡಿ ಕಳೆದುಕೊಳ್ಳುವವರೂ ಅವರೇ. ದಾರ ಹೊರಗೆ ಹೋದಂತೆ ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತದೆ. ಸ್ಪೂಲ್ ತುಂಬಿದ್ದಾಗ 5 ಕಿಲೋ ಇಟ್ಟಿದ್ದು, ದಾರದ ಸುತ್ತಿನ ಅಗಲ ಮೂರರಲ್ಲಿ ಎರಡು ಪಾಲಿಗೆ ಇಳಿದಾಗ ಏಳೂವರೆ ಕಿಲೋ ಆಗಿರುತ್ತದೆ. ನೀರಿನಲ್ಲಿ ಎಳೆದುಹೋಗುವ ದಾರದ ತಡೆ ಬೇರೆ. ಕೈಗಾಳದವನು ಆ ಹೊತ್ತಿಗೆ ಬೆರಳು ಸಡಿಲಿಸುತ್ತಾನೆ. ಆ ಬುದ್ಧಿ ರೀಲ್ ಹಿಡಿದವರಿಗೂ ಬೇಕು.

ದೊಡ್ಡ ರೀಲ್ ಬೇಕೆನ್ನುವವರಿಗೆ ನಾನು ಒಪ್ಪಿಕೊಳ್ಳುವ ಕಾರಣವೂ ಇದೊಂದೇ. ಸ್ಪೂಲ್ ಅಗಲವಿದ್ದರೆ ಅಷ್ಟೇ ದಾರ ಹೋದರೂ ಮಟ್ಟ ಕಡಿಮೆ ಇಳಿಯುತ್ತದೆ, ಡ್ರ್ಯಾಗ್ ಅಷ್ಟಾಗಿ ಏರುವುದಿಲ್ಲ. ಆದರೆ ಅದರ ತೂಕವನ್ನು ದಿನವಿಡೀ ಕೈಯೇ ಹೊರಬೇಕು. ಶಿಮಾನೋ ಸ್ಟೆಲ್ಲಾ ಎಸ್‌ಡಬ್ಲ್ಯೂನಲ್ಲೇ 5000 ಅಳತೆಯದ್ದು 450 ಗ್ರಾಂ ಆಸುಪಾಸು, 14000 ಆದರೆ 700 ಗ್ರಾಂ ಹತ್ತಿರ. ಬೆಳಗಿನಿಂದ ಸಂಜೆವರೆಗೆ ಎಸೆದು ಸುತ್ತಿ, ಎಸೆದು ಸುತ್ತಿ ಮಾಡುವ ಆಟದಲ್ಲಿ ಆ ಕಾಲು ಕಿಲೋ ಮಧ್ಯಾಹ್ನದ ಹೊತ್ತಿಗೆ ಭುಜಕ್ಕೆ ಗೊತ್ತಾಗುತ್ತದೆ. ಕೈ ಸೋತ ಮೇಲೆ ಎಸೆತ ಹದ ತಪ್ಪುತ್ತದೆ, ಹಿಂಡು ಏಳುವುದು ಆಗಲೇ. ಈ ಅಳತೆ ಅಂಕಿಗಳೂ ಕಂಪನಿಯಿಂದ ಕಂಪನಿಗೆ ಹೊಂದುವುದಿಲ್ಲ. ಶಿಮಾನೋ 5000 ಮತ್ತು ಡೈವಾ 5000 ಒಂದೇ ಅಂದುಕೊಂಡು ಕೊಳ್ಳಬೇಡಿ. ಎಷ್ಟು ಪಿಇ ಎಷ್ಟು ಮೀಟರ್ ಹಿಡಿಯುತ್ತದೆ ಅನ್ನುವುದನ್ನು ಓದಿ. 300 ಮೀಟರ್ ಇದ್ದರೆ ನನಗೆ ಧೈರ್ಯ.

ಗೇರ್ ವಿಷಯ ಬೇಗ ಮುಗಿಸುತ್ತೇನೆ. ಅನುಪಾತದ ಬದಲು ಹ್ಯಾಂಡಲ್‌ನ ಒಂದು ಸುತ್ತಿಗೆ ಎಷ್ಟು ಸೆಂಟಿಮೀಟರ್ ದಾರ ಬರುತ್ತದೆ ಅಂತ ನೋಡಿ. ಲೋಹದ ಲೂರನ್ನು ಜೋರಾಗಿ ಎಳೆಯಲು, ಮೀನು ನಿಮ್ಮತ್ತಲೇ ನುಗ್ಗಿ ಬಂದಾಗ ಸಡಿಲ ದಾರ ಬಾಚಿಕೊಳ್ಳಲು ಒಂದು ಸುತ್ತಿಗೆ 1 ಮೀಟರ್ ಅಥವಾ ಜಾಸ್ತಿ ಬೇಕು. ಕಡಿಮೆ ಗೇರಿನ ರೀಲ್ ಆಳದ ಜಿಗ್ಗಿಂಗ್‌ಗೆ (ಭಾರದ ಲೂರನ್ನು ಕೆಳಗೆ ಬಿಟ್ಟು ಕುಲುಕಿ ಎಳೆಯುವುದಕ್ಕೆ) ಚೆನ್ನ, ಎಸೆತಕ್ಕೆ ನಾನು ಹೇಳುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಎರಡೂ ಕಡೆಯವರ ಮೇಲೆ ನನಗೆ ತಕರಾರಿದೆ. ಊರಿನವರು ಇದ್ದಬದ್ದ ದುಡ್ಡನ್ನೆಲ್ಲ ರೀಲ್‌ಗೆ ಸುರಿದು ದಾರವನ್ನು ಅಗ್ಗದ್ದು ತರುತ್ತಾರೆ. ಇಲ್ಲಿಯವರು ಸ್ಟೆಲ್ಲಾ, ಸಾಲ್ಟಿಗಾದಂಥ ದುಬಾರಿ ರೀಲ್ ಇಲ್ಲದೆ ಕಡಲಿಗೇ ಇಳಿಯಬಾರದು ಅನ್ನುವ ಹಾಗೆ ಮಾತಾಡಿ ಹೊಸಬರನ್ನು ಹೆದರಿಸುತ್ತಾರೆ. ಉಪ್ಪುನೀರು ಒಳಹೋಗದಂತೆ ಮುಚ್ಚಿದ ಮಧ್ಯಮ ದರ್ಜೆಯ ರೀಲ್, ಒಳ್ಳೆಯ ದಾರ, ಗಟ್ಟಿ ಗಂಟು, ಇಷ್ಟಿದ್ದರೆ ಹೊಸಬರಿಗೆ ಏನೂ ಕೊರತೆ ಇಲ್ಲ. ಬ್ರೇಡ್‌ಗೆ ಲೀಡರ್ (ಲೂರ್ ಕಡೆಯ ತುದಿಯ ಗಟ್ಟಿ ದಾರ) ಸೇರಿಸಲು ಎಫ್‌ಜಿ ಅನ್ನುವ ಗಂಟು ಕಲಿಯಿರಿ. ತೆಳ್ಳಗಿರುವುದರಿಂದ ಎಸೆಯುವಾಗ ಗೈಡ್ ಉಂಗುರಗಳಿಗೆ ತಾಗದೆ ಜಾರುತ್ತದೆ. ಎಸೆದ ಮೇಲೆ ದಾರವನ್ನು ಸ್ಪೂಲ್‌ಗೆ ಸುತ್ತಿಸುವ ಬೇಲ್ ಕಂಬಿಯನ್ನು ಹ್ಯಾಂಡಲ್ ತಿರುಗಿಸಿ ಮುಚ್ಚಬೇಡಿ, ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬೆರಳಲ್ಲಿ ಬಿಗಿಯಾಗಿ ಎಳೆದು ಆಮೇಲೆ ಸುತ್ತಿ. ಸಡಿಲ ಸುತ್ತು ಕೂತರೆ ಮುಂದಿನ ಎಸೆತದಲ್ಲಿ ದಾರ ಗೋಜಲಾಗಿ, ಲೂರ್ ಕಿತ್ತುಕೊಂಡು ಹೋಗುತ್ತದೆ.

ಒಂದೇ ಸೆಟ್‌ನಲ್ಲಿ ಎಲ್ಲಾ ಆಗಬೇಕು ಅನ್ನುವುದು ನಮ್ಮವರ ಇನ್ನೊಂದು ಆಸೆ. ದೋಣಿಯಿಂದ ಎಸೆಯುವವರಾದರೆ ನನ್ನ ಉತ್ತರ ಇದು: ಸುಮಾರು 8 ಅಡಿಯ, 30ರಿಂದ 80 ಗ್ರಾಂ ಎಸೆಯುವ ರಾಡ್, ಪಿಇ 3 ದಾರ, ಅದು 300 ಮೀಟರ್ ಹಿಡಿಯುವ ಸ್ಪಿನ್ನಿಂಗ್ ರೀಲ್. ಟ್ಯೂನಾಗೆ, ಅಂಜಲ್‌ಗೆ, ಡೊರಾಡೋಗೆ ಇದು ಸಾಕು. ಇದನ್ನೇ ಹಿಡಿದು ದೊಡ್ಡ ಜಿಟಿ (ಜೈಂಟ್ ಟ್ರೆವಲಿ ಮೀನು) ಹಿಂದೆ ಹೋಗಬೇಡಿ. ಅದಕ್ಕೆ 100-200 ಗ್ರಾಂ ಪಾಪರ್ (ನೀರಿನ ಮೇಲೆ ಸದ್ದು ಮಾಡುವ ಲೂರ್), ಪಿಇ 8 ದಾರ, 14000ದ ರೀಲ್ ಬೇಕು. ಅದು ಬೇರೆಯೇ ಸೆಟ್. ಅಂಜಲ್ ಸಿಗುವ ಕಡೆ ಗೇಣುದ್ದದ ತಂತಿ ಲೀಡರ್ ಜೇಬಿನಲ್ಲಿರಲಿ, ಅದರ ಹಲ್ಲಿಗೆ ನೈಲಾನ್ ನಿಲ್ಲುವುದಿಲ್ಲ. ಟ್ಯೂನಾ ಹಿಂಡು ಎದ್ದಾಗ ಮಾತ್ರ ಆ ತಂತಿ ಬಿಚ್ಚಿಬಿಡಿ. ಟ್ಯೂನಾ ಕಣ್ಣು ಚುರುಕು, ತಂತಿ ಕಂಡರೆ ಎಷ್ಟೋ ಸಲ ಲೂರ್ ಹತ್ತಿರ ಬಂದು ಹೊರಳಿ ಹೋಗುತ್ತದೆ.