ಕೈ ತೋರಿಸಿ ಚಿಕ್ಕಮ್ಮ

ಹೋದ ನವೆಂಬರಿನಲ್ಲಿ ತಿಪಟೂರಿನ ನಮ್ಮ ಚಿಕ್ಕಮ್ಮ ಪಿಂಚಣಿಯ ಲೈಫ್ ಸರ್ಟಿಫಿಕೇಟ್ ಮಾಡಿಸಲು ಹೋಗಿದ್ದರು. ಹೆಬ್ಬೆಟ್ಟು ಇಟ್ಟರು, ಮೆಷಿನ್ನು ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಟ್ಟರು. ಆಮೇಲೆ ತೋರುಬೆರಳು, ನಡುಬೆರಳು, ಎಡಗೈ. ಹತ್ತೂ ಮುಗಿದ ಮೇಲೆ ಅಲ್ಲಿದ್ದ ಹುಡುಗ "ವಯಸ್ಸಾಯ್ತಲ್ಲ ಅಜ್ಜಿ, ಸವೆದು ಹೋಗಿರುತ್ತೆ" ಅಂದನಂತೆ. ಮುಖ ತೋರಿಸಿಯೂ ಮಾಡಿಸಬಹುದು, ಅದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಚಿಕ್ಕಮ್ಮ ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವರು, ಇಂಥದ್ದನ್ನೆಲ್ಲ ನಗುತ್ತಲೇ ಹೇಳುತ್ತಾರೆ. "ನಾನಿನ್ನೂ ಇದ್ದೀನಿ ಅಂದ್ರೆ ಆ ಡಬ್ಬಿ ನಂಬ್ತಿಲ್ಲ ಕಣೋ" ಅಂದರು.

ನನಗೆ ನಗು ಬರಲಿಲ್ಲ. ನನ್ನ ಬೆರಳ ಗೆರೆಗಳೂ ಹೋಗಿ ಎರಡು ವರ್ಷವಾಗಿತ್ತು. ಫೋನ್ ತೆರೆಯಲು ನಂಬರ್ ಒತ್ತುತ್ತೇನೆ.

ನಾನಿರುವುದು ಇಂಗ್ಲೆಂಡಿನ ಉತ್ತರದಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್, ಗೊತ್ತಾಗುವ ಹೊತ್ತಿಗೇ ಲಿವರ್‌ಗೆ ಹೋಗಿತ್ತು. ನಾಲ್ಕನೇ ಹಂತ. ಈಗ ಐದನೇ ವರ್ಷ ನಡೀತಿದೆ. ಚಿಕ್ಕಮ್ಮನದು ಸ್ತನದ ಕ್ಯಾನ್ಸರ್, ಮೂಳೆಗೆ ಇಳಿದಿದೆ. ಕಾಯಿಲೆ ಬೇರೆ, ದೇಶ ಬೇರೆ, ನುಂಗುವ ಮಾತ್ರೆ ಮಾತ್ರ ಒಂದೇ: ಕ್ಯಾಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಊಟವಾದ ಅರ್ಧ ಗಂಟೆಯೊಳಗೆ. 14 ದಿನ ನುಂಗಬೇಕು, 7 ದಿನ ಬಿಡುವು, ಮತ್ತೆ ಮೊದಲಿಂದ. ಅಂಗೈ ಅಂಗಾಲು ಕೆಂಪಗಾಗಿ, ಉರಿದು, ಸುಲಿಯುವುದು ಇದರ ಮಾಮೂಲು ಸೈಡ್ ಎಫೆಕ್ಟ್. ವರ್ಷಗಟ್ಟಲೆ ತಗೊಂಡರೆ ಕೆಲವರ ಬೆರಳಚ್ಚೇ ಅಳಿಸಿಹೋಗುತ್ತದೆ. 2008ರ ಡಿಸೆಂಬರಿನಲ್ಲಿ ಸಿಂಗಪುರದ ಒಬ್ಬ ಹಿರಿಯರನ್ನು ಅಮೆರಿಕದ ಇಮಿಗ್ರೇಷನ್‌ನಲ್ಲಿ ನಾಲ್ಕು ಗಂಟೆ ಕೂರಿಸಿದ್ದರು, ಇದೇ ಮಾತ್ರೆ, ಬೆರಳಲ್ಲಿ ಗೆರೆಯೇ ಇರಲಿಲ್ಲ. ಅವರ ಡಾಕ್ಟರು ಅದನ್ನು ವೈದ್ಯಕೀಯ ಪತ್ರಿಕೆಯಲ್ಲೂ ಬರೆದರು.

ನನಗೆ ಇದನ್ನೆಲ್ಲ ಮೊದಲ ಮಾತ್ರೆಗೂ ಮುಂಚೆ ನರ್ಸ್ ಕೂರಿಸಿಕೊಂಡು ಹೇಳಿದ್ದರು. ಚಿಕ್ಕಮ್ಮನಿಗೆ ಯಾರೂ ಹೇಳಿರಲಿಲ್ಲ.

"ವಿಡಿಯೋ ಹಾಕಿ, ಕೈ ತೋರಿಸಿ" ಅಂದೆ. ಭವಿಷ್ಯ ಹೇಳ್ತೀಯಾ ಅಂತ ತಮಾಷೆ ಮಾಡುತ್ತಾ ಅಂಗೈ ಚಾಚಿದರು. ಹೆಬ್ಬೆರಳ ಬುಡದಲ್ಲಿ ಸೀಳು ಬಿಟ್ಟು ರಕ್ತ ಒಣಗಿತ್ತು. ಮಿಕ್ಕ ಚರ್ಮ ಹೊಸ ಪ್ಲಾಸ್ಟಿಕ್ಕಿನ ಥರ ನುಣ್ಣಗೆ, ಕೆಂಪಗೆ ಹೊಳೀತಿತ್ತು. ಆರು ತಿಂಗಳಿಂದ ಹೀಗೇ ಅಂತೆ. ಪಾತ್ರೆ ಸೋಪಿನಿಂದ ಅಂದುಕೊಂಡಿದ್ದರು. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ತಿಪಟೂರಲ್ಲವಾ, ಎಲ್ಲದಕ್ಕೂ ಅದೇ. ಕಾಲೂ ಹಾಗೇ ಆಗಿ, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಿದ್ದರು. "ಡಾಕ್ಟರಿಗೆ ಹೇಳಿದ್ರಾ?" "ಅವ್ರು ಪಾಪ ಎಷ್ಟು ಜನರನ್ನ ನೋಡ್ಬೇಕು. ರಿಪೋರ್ಟ್ ನೋಡಿದ್ರು, ಚೆನ್ನಾಗಿದೆ ಅಂದ್ರು. ಇಷ್ಟಕ್ಕೆಲ್ಲ ಏನಂತ ಹೇಳೋದು?"

ನನ್ನ ತಕರಾರು ಇಲ್ಲಿಂದಲೇ ಶುರು. ಆ ಮಾತ್ರೆ ಕ್ಯಾನ್ಸರಿಗೆ ಅಂತ ಚಿಕ್ಕಮ್ಮನಿಗೆ ಗೊತ್ತಾಗಿದ್ದೇ ಎಂಟು ತಿಂಗಳಾದ ಮೇಲೆ. ಅಲ್ಲಿಯವರೆಗೆ ಮಗ ಮತ್ತು ಡಾಕ್ಟರು ಬಾಗಿಲಾಚೆ ನಿಂತು ಮಾತಾಡಿಕೊಂಡಿದ್ದರು. ಅಮ್ಮನಿಗೆ ಗಡ್ಡೆ, ಕರಗೋಕೆ ಮಾತ್ರೆ, ಅಷ್ಟೇ. ಪ್ರೀತಿಯಿಂದಲೇ ಮುಚ್ಚಿಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಮಾತ್ರೆ ಯಾಕೆ ಅಂತಲೇ ತಿಳಿಯದವರು ಅದರಿಂದ ಕೈ ಸೀಳಿತು ಅಂತ ಹೇಗೆ ಹೇಳಿಯಾರು? ಕಾಯಿಲೆ ಮುಚ್ಚಿಟ್ಟರೆ ಅದರ ಜೊತೆಗೆ ಜ್ವರ, ಭೇದಿ, ಉರಿ, ಸುಸ್ತು ಎಲ್ಲವೂ ಮುಚ್ಚಿಹೋಗುತ್ತವೆ.

ನನಗೆ ಇಲ್ಲಿ ಮೊದಲ ಭೇಟಿಯಲ್ಲೇ ಹೇಳಿದರು, ಚಿಕಿತ್ಸೆ ಇದೆ, ವಾಸಿಯಾಗೋದಿಲ್ಲ ಅಂತ. ಹೆಂಡತಿ ಪಕ್ಕದಲ್ಲಿದ್ದಳು. ಆ ಡಾಕ್ಟರ ಮೇಲೆ ಒಂದು ತಿಂಗಳು ಸಿಟ್ಟಿತ್ತು. ಇಷ್ಟು ಒರಟಾಗಿ ಹೇಳಬೇಕಿತ್ತಾ? ಆದರೆ ಅವತ್ತಿನಿಂದ ನನ್ನ ಮೈಗೆ ನಾನೇ ಕಾವಲುಗಾರ ಆದೆ. ಪ್ರತಿ ಮೂರು ವಾರಕ್ಕೆ ನರ್ಸ್ ಕೇಳುವ ಪ್ರಶ್ನೆಗಳೂ ಹಾಗೇ ಇರುತ್ತವೆ. ಅಂಗಿ ಗುಂಡಿ ಹಾಕೋಕಾಗುತ್ತಾ? ಡಬ್ಬಿ ಮುಚ್ಚಳ ತೆಗೆಯೋಕಾಗುತ್ತಾ? ದಿನಕ್ಕೆ ಎಷ್ಟು ಸಲ ಕಕ್ಕಸಿಗೆ ಹೋಗ್ತೀರಿ, ಮೊದಲು ಎಷ್ಟು ಸಲ ಹೋಗ್ತಿದ್ರಿ? ಮೊದಮೊದಲು ನಾಚಿಕೆ ಆಗುತ್ತಿತ್ತು. ಈಗ ಲೆಕ್ಕ ಬರೆದುಕೊಂಡೇ ಹೋಗುತ್ತೇನೆ.

ಶುರುವಿನಲ್ಲಿ ಈ ಮಾತ್ರೆಯ ಜೊತೆ ಆಕ್ಸಾಲಿಪ್ಲಾಟಿನ್ ಅನ್ನೋ ಡ್ರಿಪ್ಪೂ ಇತ್ತು. ಅದಕ್ಕೆ ತಣ್ಣಗಿನದು ಆಗಿಬರಲ್ಲ. ಹೇಳಿದ್ದರು, ನಾನು ಮರೆತೆ. ಮೊದಲ ರಾತ್ರಿ ಮೊಸರಿನ ಡಬ್ಬಿ ತೆಗೆಯೋಣ ಅಂತ ಫ್ರಿಜ್ಜಿಗೆ ಕೈ ಹಾಕಿದೆ, ಬೆರಳಿಗೆಲ್ಲ ಕರೆಂಟ್ ಹೊಡೆದ ಹಾಗಾಯಿತು, ಡಬ್ಬಿ ಕೆಳಗೆ ಬಿತ್ತು. ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಒಂದು ಜೊತೆ ಉಣ್ಣೆ ಕೈಗವಸು ನೇತುಹಾಕಿದೆವು. ಈ ಚಳಿಯ ದೇಶದಲ್ಲಿ ಜನವರಿಯಲ್ಲಿ ಉಸಿರೆಳೆದರೆ ಗಂಟಲು ಬಿಗಿಯುತ್ತಿತ್ತು, ಮಫ್ಲರ್ ಸುತ್ತಿಕೊಳ್ಳದೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಪಾದದ ಜೋಮು ಇನ್ನೂ ಹೋಗಿಲ್ಲ. ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗೋದಿಲ್ಲ.

ಜೇಬಿನಲ್ಲಿ ಒಂದು ಕಾರ್ಡ್ ಇರುತ್ತದೆ, ಅದರಲ್ಲಿ ಹಗಲು ರಾತ್ರಿ ಎತ್ತುವ ಫೋನ್ ನಂಬರ್. ಜ್ವರ 38 ಡಿಗ್ರಿ ಮುಟ್ಟಿದರೆ, ಅಂದರೆ ನಮ್ಮ ಲೆಕ್ಕದ 100.4, ಕಾಯಬೇಡ, ಫೋನ್ ಮಾಡು ಅನ್ನುತ್ತಾರೆ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಾಗ ಬರುವ ಸೋಂಕು ಬೆಳಗಾಗುವುದರೊಳಗೆ ಆಳನ್ನು ತೆಗೆಯಬಲ್ಲದು, ಅದಕ್ಕೇ ಇಲ್ಲಿ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು ಅನ್ನುವ ನಿಯಮ. ಚಿಕ್ಕಮ್ಮ ಜ್ವರ ಬಂದಾಗ ಏನು ಮಾಡಿದ್ದರು ಗೊತ್ತಾ? ಮಗನಿಗೆ ಆಫೀಸಿನಲ್ಲಿ ಆಡಿಟ್ ಇದೆ ಅಂತ ಎರಡು ದಿನ ಮೆಣಸು ಜೀರಿಗೆ ಕಷಾಯ ಕುಡಿದು, ಪ್ಯಾರಾಸಿಟಮಾಲ್ ನುಂಗಿ ಸುಮ್ನೆ ಮಲಗಿದ್ದರು. ಆ ಮಾತ್ರೆಯಿಂದ ಜ್ವರ ಇಳಿದ ಹಾಗೆ ಕಾಣುತ್ತದೆ, ಒಳಗಿನದು ನಿಂತಿರುವುದಿಲ್ಲ. ಅದೃಷ್ಟ ಚೆನ್ನಾಗಿತ್ತು.

ಹಾಗಂತ ಇಲ್ಲಿಯದೆಲ್ಲ ಸ್ವರ್ಗ ಅಂದುಕೊಳ್ಳಬೇಡಿ. ಸ್ಕ್ಯಾನ್ ಆಗಿ ವರದಿ ಬರಲು ನಾನು ಮೂರು ವಾರ ಕಾದದ್ದಿದೆ, ಆ ಮೂರು ವಾರ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಬೆಂಗಳೂರಿನಲ್ಲಿ ಚಿಕ್ಕಮ್ಮನ ಪೆಟ್ ಸ್ಕ್ಯಾನ್ ವರದಿ ಮಾರನೇ ದಿನ ವಾಟ್ಸಾಪಿಗೆ ಬಂತು. ಇಲ್ಲಿ ಮಾತ್ರೆಗೆ ನಾನು ಒಂದು ಪೆನ್ನಿಯೂ ಕೊಡುವುದಿಲ್ಲ, 2009ರಿಂದ ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ಇರುವವರಿಗೆ ಔಷಧಿ ಚೀಟಿ ಪುಕ್ಕಟೆ. ಆದರೆ ವಾಂತಿ ಮಾಡುವಾಗ ಬೆನ್ನು ನೀವೋಕೆ ಹೆಂಡತಿಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಚಿಕ್ಕಮ್ಮನ ಮನೆಗೆ ಸಂಜೆಯಾದರೆ ನಾಲ್ಕು ಜನ ಬರುತ್ತಾರೆ, ಒಬ್ಬರು ಗಂಜಿ ತರುತ್ತಾರೆ, ಇನ್ನೊಬ್ಬರು ಯಾರದೋ ಕಥೆ ತರುತ್ತಾರೆ. ಯಾರೂ ಕೈ ನೋಡಿರಲಿಲ್ಲ, ಅದು ಬೇರೆ ಮಾತು.

ಔಷಧಿಯ ಪ್ರಮಾಣ ಇಳಿಸೋದು ಅಂದರೆ ನಮ್ಮವರಿಗೆ ಭಯ. ಕಡಿಮೆ ಮಾಡಿದರೆ ಕ್ಯಾನ್ಸರ್ ಏರಿಬಿಡುತ್ತೆ ಅಂತ ಅಂದುಕೊಂಡು ಹಲ್ಲು ಕಚ್ಚಿಕೊಂಡು ನುಂಗುತ್ತಾರೆ. ನನ್ನದನ್ನು ಎರಡು ಸಲ ಇಳಿಸಿದ್ದಾರೆ, ಒಂದು ಸಲ ಹತ್ತು ದಿನ ಪೂರ್ತಿ ನಿಲ್ಲಿಸಿದ್ದರು. ಆಮೇಲಿನ ಸ್ಕ್ಯಾನಿನಲ್ಲಿ ಲಿವರಿನ ಚುಕ್ಕೆಗಳು ಇದ್ದ ಹಾಗೇ ಇದ್ದವು. ಬೇರುಸಹಿತ ಕೀಳಲಾಗದ ಕಾಯಿಲೆಯನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಬೇಕು ಅಂದರೆ, ಆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಲು ಮೈಯಲ್ಲಿ ತ್ರಾಣ ಉಳಿದಿರಬೇಕಲ್ವಾ?

ಇಲ್ಲೊಂದು ಮಜಾ ಇದೆ. ಕೈ ಸುಲಿಯದ ಹಾಗೆ ತಡೆಯೋಕೆ ಇಲ್ಲಿ ನನಗೆ ಕೊಟ್ಟಿದ್ದು ಯೂರಿಯಾ ಕ್ರೀಮ್. ಆದರೆ ಮಂಡಿ ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಇದೆಯಲ್ಲ, ಅದನ್ನು ಮೊದಲಿಂದಲೇ ಕೈಗೆ ಹಚ್ಚಿದರೆ ಹೇಗೆ ಅಂತ 264 ಜನರ ಮೇಲೆ ಪರೀಕ್ಷೆ ಮಾಡಿ ನೋಡಿದ್ದು ದೆಹಲಿಯ ಏಮ್ಸ್. ಜೆಲ್ ಹಚ್ಚಿದವರಲ್ಲಿ ಶೇ 3.8 ಮಂದಿಗೆ ಮಾತ್ರ ಕೈಕಾಲು ಜೋರಾಗಿ ಕೆಟ್ಟಿತು, ಔಷಧಿಯೇ ಇಲ್ಲದ ಹುಸಿ ಜೆಲ್ ಹಚ್ಚಿದವರಲ್ಲಿ ಶೇ 15. ಅದು 2024ರಲ್ಲಿ ಪ್ರಕಟವಾಯಿತು, ನಮ್ಮ ನರ್ಸಿಗೆ ಅದರ ಪ್ರತಿ ಕೊಟ್ಟಿದ್ದು ನಾನೇ. ನಮ್ಮ ದೇಶದಲ್ಲೇ ಕಂಡುಕೊಂಡದ್ದು ನಮ್ಮ ಚಿಕ್ಕಮ್ಮನ ಕಿವಿಗೆ ಇಂಗ್ಲೆಂಡ್ ಸುತ್ತಿ ಬಂದು ಬಿತ್ತು. (ನೀವಾಗಿಯೇ ತಂದು ಹಚ್ಚಬೇಡಿ, ಕಿಡ್ನಿ ತೊಂದರೆ ಇದ್ದವರಂತೂ ಡಾಕ್ಟರನ್ನು ಕೇಳಲೇಬೇಕು.)

ಇನ್ನು ಪ್ಯಾಲಿಯೇಟಿವ್ ಅನ್ನೋ ಶಬ್ದ, ಅಂದರೆ ನೋವು ಸಂಕಟ ತಗ್ಗಿಸುವ ಆರೈಕೆ. ನನ್ನ ಪಾದದ ಉರಿ ತಗ್ಗಿಸಿದ್ದು ಆ ವಿಭಾಗದವರು, ಎರಡನೇ ವರ್ಷವೇ. ಬೆಂಗಳೂರಿನ ಕರುಣಾಶ್ರಯದಂಥವರು ಕಾಸು ತಗೊಳ್ಳದೆ ಮನೆಗೇ ಬಂದು ನೋಡಿಕೊಳ್ಳುತ್ತಾರೆ ಅಂತ ನಾನು ಹೇಳಿದ್ದಕ್ಕೆ ನಮ್ಮ ತಮ್ಮ, ಚಿಕ್ಕಮ್ಮನ ಮಗ, "ಅಷ್ಟು ಬೇಗ ಕೈಬಿಡೋದಾ ಅಣ್ಣ?" ಅಂತ ಅತ್ತುಬಿಟ್ಟ. ಅದು ಕೊನೆಯ ವಾರಕ್ಕೆ ಮಾತ್ರ ಇರೋದಲ್ಲ, ನೋವಿಗೆ ಇರೋದು ಅಂತ ತಿಳಿಸಿ ಹೇಳಲು ನನಗೆ ಎರಡು ಭಾನುವಾರ ಬೇಕಾಯಿತು. ಬೆಂಗಳೂರು ಬಿಟ್ಟು ಹೊರಗಿರುವವರಿಗೆ ಯಾರು ಬರುತ್ತಾರೆ ಅನ್ನೋದು ಇನ್ನೊಂದು ತಲೆನೋವು.

ಚಿಕ್ಕಮ್ಮನ ಮಾತ್ರೆ ಈಗ ಇಳಿಸಿದ್ದಾರೆ. ಡಾಕ್ಟರು ಕೈ ನೋಡಿ ಬೈದರಂತೆ, ಮುಂಚೆ ಯಾಕೆ ಹೇಳಲಿಲ್ಲ ಅಂತ. ಲೈಫ್ ಸರ್ಟಿಫಿಕೇಟ್ ಮುಖ ತೋರಿಸಿ ಆಯಿತು. ಭಾನುವಾರ ಸಂಜೆ ಫೋನ್ ಮಾಡಿದರೆ ಹಲೋಗೂ ಮುಂಚೆ ಅವರ ಅಂಗೈ ಸ್ಕ್ರೀನಿನ ತುಂಬ ಬರುತ್ತದೆ. ಆಮೇಲೆ ನನ್ನ ಸರದಿ, ಮೇಷ್ಟರ ಮುಂದೆ ನಿಂತ ಹಾಗೆ. "ಎಡಗೈ ತೋರಿಸು. ಹಿಂಗಲ್ಲ, ದೀಪದ ಹತ್ರ."