ಪೂರಿಯಾ ಧನಾಶ್ರೀಗೆ ಮುಗ್ಗಲು ಹಿಡಿದಿದೆಯಂತೆ

ಹೋದ ಭಾನುವಾರ ಪುಣೆಯಿಂದ ಅಕ್ಕ-ಭಾವ ಮುಂಬೈ ಹತ್ರದ ಡೊಂಬಿವ್ಲಿಯ ನಮ್ಮನೆಗೆ ಬಂದ್ರು. ಅಕ್ಕ ಚಕ್ಕುಲಿ ತಂದ್ಲು, ಭಾವ ಜ್ಞಾನ ತಂದ್ರು. ಸಂಜೆ ನಾನು ಭೀಮಸೇನ ಜೋಶಿಯವರ ಪೂರಿಯಾ ಧನಾಶ್ರೀ ರಾಗ ಹಾಕ್ಕೊಂಡು ಹಾಯಾಗಿ ಚಾ ಕುಡೀತಿದ್ದೆ, ಭಾವ ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿ, ಡಾಕ್ಟ್ರು ಎಕ್ಸ್‌ರೇ ನೋಡೋ ಮುಖ ಮಾಡ್ಕೊಂಡು, "ಸೌಂಡು ಮುಗ್ಗಲು ಹಿಡಿದಿದೆ ಮಾರಾಯ" ಅಂದ್ರು. ಅಕ್ಕಿ ಮುಗ್ಗಲು ಹಿಡಿಯೋದು ಗೊತ್ತು, ರಾಗ ಹಿಡಿಯೋದು ಇದೇ ಮೊದಲು ಕೇಳಿದ್ದು.

ಆಮೇಲೆ ಎದ್ದು ಹಾಲ್ ಮಧ್ಯ ನಿಂತು ಫಟ್ ಅಂತ ಒಂದು ಚಪ್ಪಾಳೆ. "ಕೇಳಿಸ್ತಾ?"

"ಏನು ಭಾವ?"

"ಬಾಲ."

ಚಪ್ಪಾಳೆಗೆ ಬಾಲ ಇದೆಯಂತೆ. ಕೆಳಗೆ ಟೈಲ್ಸು, ಎದುರುಬದುರು ಬೋಳು ಗೋಡೆ, ಸದ್ದು ಅವೆರಡರ ಮಧ್ಯ ಚೆಂಡಿನ ಥರ ಪುಟಿದು 'ಝಿಂಗ್' ಅಂತ ಉಳಿಯುತ್ತೆ, ಹಾಡಿನ ಮೇಲೂ ಅದೇ ಕೂತ್ಕೊಳ್ಳುತ್ತೆ. ಇದೇನೋ ನಿಜಾನೇ. ಆದ್ರೆ ಭಾವನಿಗೆ ಒಂದರಲ್ಲಿ ತೃಪ್ತಿ ಆಗ್ಬೇಕಲ್ಲ, ಕಿಟಕಿ ಹತ್ರ ಎರಡು, ಕಪಾಟಿನ ಹತ್ರ ಮೂರು, ಬಾತ್‌ರೂಮ್ ಬಾಗಿಲಲ್ಲಿ ನಾಲ್ಕು. ಸಂಜೆ ಏಳರ ಹೊತ್ತು. ಚಪ್ಪಾಳೆ ಕೇಳಿದ ಪಕ್ಕದ್ಮನೆ ಕಾಕು, ಅಂದ್ರೆ ಮರಾಠಿ ಆಂಟಿ, ಆರತಿ ಶುರುವಾಯ್ತು ಅಂದ್ಕೊಂಡು ಹೂವು, ಕರ್ಪೂರ, ಪೇಡ ಇಟ್ಟ ತಟ್ಟೆ ಹಿಡ್ಕೊಂಡು ಓಡಿ ಬಂದ್ರು. ನೋಡಿದ್ರೆ ದೇವರಿಲ್ಲ, ಸ್ಪೀಕರ್ ಎದುರು ಬನಿಯನ್ನಲ್ಲಿ ಭಾವ. ಕಾಕು ಏನೂ ಕೇಳ್ಲಿಲ್ಲ. ಸ್ಪೀಕರಿಗೆ ಒಂದು ಕೈಮುಗಿದು, ಭಾವನ ಕೈಗೆ ಪೇಡ ಇಟ್ಟು ಹೋದ್ರು. ಭಾವ ಪೇಡ ಬಾಯಿಗೆ ಹಾಕ್ಕೊಂಡು ಇನ್ನೊಂದು ಚಪ್ಪಾಳೆ ತಟ್ಟಿದ್ರು.

ಕೊನೆಗೆ ತೀರ್ಪು ಬಂತು: ಬ್ಲೂಟೂತ್ ಬೇಡ, ಒಳ್ಳೆ ಯುಎಸ್‌ಬಿ ಕೇಬಲ್ ಹಾಕು. ಮೂರೂವರೆ ಸಾವಿರ! ಬ್ಲೂಟೂತ್ ಹಾಡನ್ನ ಹಿಂಡಿ ಸಣ್ಣ ಮಾಡಿ ಕಳಿಸುತ್ತೆ, ಒಪ್ಪಿದೆ, ಆದ್ರೆ ಕೇಬಲಲ್ಲಿ ಹೋಗೋದು ಬರೀ ಸೊನ್ನೆ-ಒಂದು, ತಂತಿ ಹಾಳಾಗಿಲ್ಲ ಅಂದ್ರೆ ಇನ್ನೂರು ರೂಪಾಯಿದ್ರಲ್ಲೂ ಅದೇ ಸೊನ್ನೆ ಅದೇ ಒಂದು. ಚಿನ್ನದ ಲೇಪ ಹಚ್ಚಿದ್ರೆ ಸೊನ್ನೆ ಇನ್ನೂ ದುಂಡಗಾಗುತ್ತಾ? ಇದೆಲ್ಲ ದುಡ್ಡು ಕೊಟ್ಟ ಮೇಲೆ ಹೊಳೆದಿದ್ದು ಬಿಡಿ. ಕೇಬಲ್ ಸಿಕ್ಕಿಸಿದ್ದೇ ತಡ ಸ್ಪೀಕರಿಂದ 'ಗುಂಯ್' ಅಂತ ಶ್ರುತಿ ಸೇರದ ಮೂರನೇ ತಂಬೂರಿ ಶುರು. ಎರಡು ದಿನ ತಲೆ ಕೆಡಿಸ್ಕೊಂಡೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ರೆ ನಿಲ್ಲುತ್ತೆ, ಹಾಕಿದ್ರೆ ಬರುತ್ತೆ. ಸೆಕೆಂಡಿಗೆ 50 ಸಲ ಅಲ್ಲಾಡೋ ಮನೆ ಕರೆಂಟು ಅರ್ಥಿಂಗ್ ದಾರೀಲಿ ನುಸುಳಿ ಬಂದು ತಾನೂ ಹಾಡ್ತಿತ್ತು.

ಬುಧವಾರ ಏನೋ ಹುಡುಕ್ತಾ ಹಾಡು ಕೇಳೋ ಆ್ಯಪಿನ ಸೆಟ್ಟಿಂಗ್ ತೆಗೆದ್ರೆ ಕ್ವಾಲಿಟಿ 'ಲೋ'! ಮಳೆಗಾಲದಲ್ಲಿ ವೈಫೈ ಕೈಕೊಟ್ಟಾಗ ಮೊಬೈಲ್ ಡೇಟಾ ಉಳಿಸೋಕೆ ನಾನೇ ಮಾಡಿಟ್ಟಿದ್ದು. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್, ಅಂದ್ರೆ ಹದಿನಾಲ್ಕು ಲಕ್ಷ ಸೊನ್ನೆ-ಒಂದು ಇರುತ್ತೆ, ನಾನಿಷ್ಟು ದಿನ ಕೇಳ್ತಿದ್ದದ್ದು ಅದರ ತಳ ಕೆರೆದದ್ದು. ಅದನ್ನ ಸರಿ ಮಾಡಿ, ಮೂಲೆಗೆ ಒತ್ತಿಟ್ಟ ಸ್ಪೀಕರನ್ನ ಒಂದಡಿ ಮುಂದೆ ಎಳೆದೆ, ಬಾಸ್ ಊದ್ಕೊಂಡಿದ್ದು ಇಳೀತು. ನೆಲಕ್ಕೆ ಅಮ್ಮನ ಹಳೇ ಗೋದಡಿ ಹಾಸಿದೆ, ಅರ್ಧ ಬಾಲ ಕಟ್. ಖರ್ಚು ಸೊನ್ನೆ, ದುಂಡನೆಯ ಸೊನ್ನೆ. ಈಗ ಕಪಾಟಿನ ಬಾಗಿಲು ಪೂರ್ತಿ ತೆಗೆಯೋಕಾಗಲ್ಲ ಅಂತ ಹೆಂಡ್ತಿ ಮಾತು ಬಿಟ್ಟಿದಾಳೆ, ಅದು ಬೇರೆ.

ನಿನ್ನೆ ರಾತ್ರಿ ಕೇಳಿದೆ, ಗಾಜು ಒರೆಸಿಟ್ಟ ಹಾಗಿತ್ತು. ಇದೇ ರೆಕಾರ್ಡು ರೇಡಿಯೋದಲ್ಲಿ ಬಂದಾಗ ಅಪ್ಪ ಎದುರಿಗೆ ಟೇಪ್‌ರೆಕಾರ್ಡರ್ ಇಟ್ಟು ಹಿಡ್ಕೊಂಡಿದ್ರು. ಅದರಲ್ಲಿ ಆಲಾಪದ ಮಧ್ಯ ಅಮ್ಮನ ಕುಕ್ಕರ್ ಸೀಟಿ ಇತ್ತು, ಹಿಂದೇನೇ ಅಪ್ಪ "ಶ್!" ಅಂದಿದ್ದು. ನಿನ್ನೆ ಆ ಜಾಗ ಬಂತು, ಹೋಯ್ತು, ಕಿವಿ ಸುಮ್ನೆ ಕಾಯ್ತಾ ಕೂತಿತ್ತು.

ಭಾನುವಾರ ಭಾವ ಮತ್ತೆ ಬರ್ತಾರಂತೆ, ಟೆಸ್ಟ್ ಮಾಡೋಕೆ. ಇವತ್ತು ಮೆಟ್ಟಿಲಲ್ಲಿ ಕಾಕು ಸಿಕ್ಕಿದ್ರು, ಮರಾಠಿಯಲ್ಲಿ ಭಕ್ತಿಯಿಂದ ಕೇಳಿದ್ರು, "ರವಿವಾರೀ ಆರತಿ ಕಿತೀ ವಾಜತಾ?"

ಏಳಕ್ಕೆ ಅಂದೆ.